ತೀರ್ಪು ತಿರುಗೀತೇ?

"ಮತ್ತೊಮ್ಮೆ ಕೇಳ್ಲಿಕ್ಕೆ ಏನು ಅಡ್ಡಿ ವಕೀಲರೇ? ತಪ್ಪು ಯಾರಿಂದ್ಲೂ ಆಗ್ತದೆ. ದಿಲ್ಲಿಯವರಿಂದ್ಲೂ ಆಗ್ತದೆ!"

ಜಯಶೀಲ ಶೆಟ್ಟರು ಮೇಜು ಕುಟ್ಟಿದರು. ಕಲ್ಯಾಣದ ಕೋರ್ಟಿನೆದುರಿನ ಆ ಇಕ್ಕಟ್ಟಾದ ಆಫೀಸಿನಲ್ಲಿ ವಕೀಲ ದಿಲೀಪ ಪೇಡೆಯ ಡಬ್ಬಿಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದ. ಬೆಳಿಗ್ಗೆಯೇ ತರಿಸಿಟ್ಟದ್ದು. ಶೆಟ್ಟರು ಅದನ್ನು ಮುಟ್ಟಿರಲಿಲ್ಲ.

"ಅಡ್ಡಿ ಇಲ್ಲ ಜಯಶೀಲಣ್ಣ. ಸುಪ್ರೀಂ ಕೋರ್ಟಿಗೆ ತನ್ನ ತೀರ್ಪನ್ನು ತಾನೇ ತಿರುಗಿಸುವ ಅಧಿಕಾರ ಉಂಟು. ಆದ್ರೆ ಹೆಚ್ಚಾಗಿ ಅದೇ ಜಡ್ಜರು, ಒಳಗೆ ಕೂತು, ಕಾಗದ ನೋಡಿ ಹೇಳಿಬಿಡ್ತಾರೆ. ಯಾರೂ ವಾದ ಮಾಡ್ಲಿಕ್ಕಿಲ್ಲ. ಬಿಲ್ಡಿಂಗಿನವರ ಮರುಪರಿಶೀಲನೆ ಅರ್ಜಿ ನಿನ್ನೆ ವಜಾ ಆಯ್ತಲ್ಲ, ಹಾಗೆ."

"ಅದರ ಮೇಲೆ ಇನ್ನೊಂದು ಉಂಟಂತಲ್ಲ?"

"ಕ್ಯುರೇಟಿವ್ ಅರ್ಜಿ. ಅದೇ ಕೊನೆ. ಅದರಲ್ಲಿ ತೀರ್ಪು ತಿರುಗೋದು ತೀರಾ ಅಪರೂಪ."

ಡೊಂಬಿವಲಿಯ ಆ ಏಳಂತಸ್ತಿನ ಕಟ್ಟಡ ಅಕ್ರಮ, ಕೆಡವಲೇಬೇಕು ಎಂದು ದಿಲ್ಲಿ ಹೇಳಿಯಾಗಿತ್ತು. ಅದರ ನಾಲ್ಕನೆಯ ಮಹಡಿಯಲ್ಲಿ ಶೆಟ್ಟರ ಮಗಳು ಸೌಜನ್ಯಳ ಸಂಸಾರ. ಒಂದು ಕಾಲದಲ್ಲಿ ಅಲ್ಲಿ ಬಯಲಿತ್ತು. ಅವಳು ಫ್ರಾಕು ಹಾಕಿಕೊಂಡು ಲಗೋರಿ ಆಡಿದ್ದೂ ಅಲ್ಲೇ. ಊರು ತುಂಬ ಹುಡುಗರಿರುವಾಗ ಹೋಗಿ ಹೋಗಿ ಆ ಕಟ್ಟಡದ ಲತೀಶನನ್ನೇ ಮದುವೆಯಾದಳೆಂದು ಶೆಟ್ಟರು ಮಾತು ಬಿಟ್ಟಿದ್ದರು. ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗಲೂ ಬಿಗುಮಾನ ಬಿಡಲಿಲ್ಲ. ಎಂಥ ಹಟ ಅದು!

ನಿನ್ನೆ ಸಂಜೆ ತಡೆಯಲಾರದೆ ಹೋಗಿದ್ದರು. ವಾಚ್‌ಮನ್ ಗೇಟಿನಲ್ಲೇ ನಿಲ್ಲಿಸಿದ. ಕೆಳಗೆ ಗುಂಪುಗೂಡಿದ್ದ ಹೆಂಗಸರು ಮುಖ ತಿರುಗಿಸಿದರು. ಅಳಿಯ ಬಾಲ್ಕನಿಯಿಂದ ಇಣುಕಿ ನೋಡಿ ಒಳಗೆ ಹೋದ. ಯಾರನ್ನು ದೂರುವುದು? ಸೌಜನ್ಯ ಮಾತ್ರ ಮಗುವನ್ನೆತ್ತಿಕೊಂಡು ಇಳಿದು ಬಂದಳು.

"ಪಪ್ಪಾ, ಅಬ್ ಆಪ್ ಹೀ ಕುಛ್ ಕರೋ," ಎಂದಳು. "ಇನ್ನು ನೀವೇ ಏನಾದ್ರೂ ಮಾಡ್ಬೇಕು. ನಮಗೆ ಹೋಗ್ಲಿಕ್ಕೆ ಬೇರೆ ಜಾಗ ಇಲ್ಲ."

ಮಗು ಗೇಟಿನ ಸರಳುಗಳ ನಡುವಿನಿಂದ ಕೈ ಚಾಚಿ ಅವರ ಬೆರಳು ಹಿಡಿಯಿತು. ಅದನ್ನು ಮೆಲ್ಲನೆ ಬಿಡಿಸಿಕೊಂಡು ಶೆಟ್ಟರು ತಿರುಗಿ ನಡೆದರು. ಮನೆಗೆ ಬಂದವರು ಊಟವನ್ನೂ ಮಾಡಲಿಲ್ಲ.

"ಆ ಕೊನೆಯ ಅರ್ಜಿ ನನ್ನ ಹೆಸರಲ್ಲೇ ಹಾಕಿ," ಎಂದು ಈಗ ಅವರು ಕೈಮುಗಿದರು. "ಈ ಕೇಸು ನನ್ನಷ್ಟು ಯಾರಿಗೆ ಗೊತ್ತುಂಟು? ಇದಕ್ಕಾಗಿ ಎಷ್ಟು ಚಪ್ಪಲಿ ಸವೆಸಿದ್ದೇನೆ, ನೀವೇ ನೋಡಿದ್ದೀರಿ."

"ನೋಡಿದ್ದೇನೆ. ನಿಮ್ಮಷ್ಟು ಪಟ್ಟು ಹಿಡಿದವರನ್ನು ನಾನು ಬೇರೆ ಕಂಡಿಲ್ಲ."

"ಹಾಗಾದ್ರೆ ಬರೀರಿ ಮಾರಾಯ್ರೆ! ಕೋರ್ಟಿನಿಂದ ತಪ್ಪಾಗಿದೆ, ಆ ಮನೆಗಳನ್ನು ಮುಟ್ಟಬೇಡಿ ಅಂತ ಬರೀರಿ. ನನ್ನ ಮೊಮ್ಮಗಳು ಬೀದಿಗೆ ಬೀಳ್ತಾಳೆ!"

ದಿಲೀಪ ಪೆನ್ನು ಎತ್ತಿಕೊಳ್ಳಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಶೆಟ್ಟರ ಮುಖ ನೋಡಲು ಅವನಿಗೆ ಆಗುತ್ತಿರಲಿಲ್ಲ.

"ಸೋತವರು ಕೇಳಬಹುದು ಜಯಶೀಲಣ್ಣ. ಮಕ್ಕಳು ಆಡುವ ಬಯಲು ಅದು, ಕಟ್ಟಡ ಕೆಡವಿಸಿ ಅಂತ ಕೇಸು ಹಾಕಿ ಗೆದ್ದವರು ನೀವು."