ಗಾಜಿನ ಪೆಟ್ಟಿಗೆಯ ಸ್ಕೇಟು

"ಒಂದ್ಸಲ ಕಾಲಿಗೆ ಹಾಕ್ಕೊಳ್ಳಿ ಅಗಾ, ಕ್ಲಬ್ಬಿನ ಚರಿತ್ರೆ ಪುಸ್ತಕಕ್ಕೆ ಫೋಟೋ ಬೇಕು," ಎನ್ನುತ್ತ ಕ್ಲಬ್ಬಿನ ಕಾರ್ಯದರ್ಶಿ ರೌಶನ್ ಗಾಜಿನ ಪೆಟ್ಟಿಗೆಯಿಂದ ಸ್ಕೇಟುಗಳನ್ನು ತೆಗೆದಳು. ಪೆಟ್ಟಿಗೆಯ ಚೀಟಿಯಲ್ಲಿ 'ಕೈರ್‌ಗೆಲ್ದಿಯ ಸ್ಕೇಟುಗಳು, 1978ರ ಐಸ್ ಹಾಕಿ ಫೈನಲ್' ಎಂದಿತ್ತು. ಎಲ್ಲರೂ ಗೌರವದಿಂದ ಅಗಾ, ಅಂದರೆ ಹಿರಿಯಣ್ಣ, ಎಂದು ಕರೆಯುವ ಮುದುಕ ಕೈರ್‌ಗೆಲ್ದಿ ಕಾಲು ತೂರಿಸಿದ. ಹಿಮ್ಮಡಿಗೆ ಮೆತ್ತನೆಯ ಉಣ್ಣೆಬಟ್ಟೆ ತಗುಲಿತು. ಮಗನ ಕಾಲು ಹುಣ್ಣಾಗದಿರಲೆಂದು ತಂಡದ ಗೆಳೆಯ ಯಾಕೋಬನ ತಾಯಿ ಒಳಗೆ ಹೊಲಿದ ತುಂಡು ಅದು.

ಫೈನಲ್ಲಿನ ನಡುವೆ ಕೈರ್‌ಗೆಲ್ದಿಯ ಸ್ಕೇಟು ಮುರಿದಾಗ ಯಾಕೋಬ ತನ್ನವನ್ನು ಬಿಚ್ಚಿಕೊಟ್ಟು ಬೆಂಚಿನಲ್ಲಿ ಕೂತಿದ್ದ. ಗೆದ್ದ ಕಾಲಿನಿಂದ ಸ್ಕೇಟು ಬಿಚ್ಚಿಸುವ ಧೈರ್ಯ ಯಾರಿಗಿತ್ತು? ಸ್ಕೇಟಿಲ್ಲದ ಯಾಕೋಬ ಮತ್ತೆಂದೂ ತಂಡಕ್ಕೆ ಆಡಲಿಲ್ಲ. ನಲವತ್ತು ವರ್ಷದಿಂದ ಇದೇ ಅಂಗಳದಲ್ಲಿ ಮಂಜುಗಡ್ಡೆ ಸವರುವ ಗಾಡಿ ಓಡಿಸುತ್ತಿದ್ದಾನೆ.

"ಏನೋ, ಬಗ್ಗೋಕೆ ಹೊಟ್ಟೆ ಅಡ್ಡ ಬರುತ್ತಾ?" ಎಂದು ನಗುತ್ತ ಆ ಯಾಕೋಬನೇ ಬಂದು ಲೇಸು ಕಟ್ಟಲು ಮೊಣಕಾಲೂರಿದ. ಕಟ್ಟುತ್ತಲೇ ಮೆಲ್ಲಗೆ ಕೇಳಿದ: "ಎರಡನೇ ಅವಧಿ ಮುಗಿದ ತಕ್ಷಣ ವಾಪಸ್ ಕೊಡ್ತೀನಿ ಅಂದಿದ್ಯಲ್ಲ ಮಾರಾಯ, ಇನ್ನೂ ಮುಗೀಲಿಲ್ವಾ?"

"ನಗಿ ಅಗಾ," ಎಂದ ಫೋಟೋದವನು. ಕೈರ್‌ಗೆಲ್ದಿಗೆ ಮುಖ ಎತ್ತಲಾಗಲಿಲ್ಲ. ಲೇಸು ಬಿಚ್ಚಿ, ಸ್ಕೇಟುಗಳನ್ನು ಯಾಕೋಬನ ಮಡಿಲಿಗಿಟ್ಟು, ಎಲ್ಲರೆದುರು ಬರಿಗಾಲಲ್ಲಿ ನಿಂತ.

"ಆ ಚೀಟಿ ಕಿತ್ತುಹಾಕಮ್ಮ," ಎಂದ. "ಇವು ನನ್ನವಲ್ಲ."