ಬಲಕ್ಕೆಂದು ಕೂಡಿಟ್ಟ ಅಂಕಗಳು

ಯಾರೋ ದೇವನನ್ನು ಕೆಡಿಸಿದ್ದರು.

ಸುನೀಲ ಟ್ಯಾಬ್ ಹಿಡಿದು ಜಗಲಿಯ ಕಿಟಕಿಯ ಕೆಳಗೆ ಕುಸಿದು ಕೂತ. ಅದು ಕಡಲ ಕಡೆಯ ಕಿಟಕಿ. ಅಪ್ಪ ಹೋದಂದಿನಿಂದ ಅಮ್ಮ ಅದನ್ನು ತೆರೆದವಳಲ್ಲ. ದೇವ ಎಂದರೆ ಸುನೀಲನ ಆಟದ ವೀರ. ಅಪ್ಪನ ಹೆಸರನ್ನೇ ಅವನಿಗೆ ಇಟ್ಟಿದ್ದ.

ಆಟದಲ್ಲಿ ಒಂದೊಂದು ಹಂತ ಗೆದ್ದಾಗಲೂ ಅಂಕ ಸಿಗುತ್ತದೆ. ಅದನ್ನು ಬಲಕ್ಕೆ ಹಾಕಬಹುದು, ಗುರಾಣಿಗೆ ಹಾಕಬಹುದು, ಮಂತ್ರಕ್ಕೋ ಈಜಿಗೋ ಹಾಕಬಹುದು. ಒಮ್ಮೆ ಹಾಕಿದರೆ ಮುಗಿಯಿತು, ವಾಪಸಿಲ್ಲ. ಎಲ್ಲದಕ್ಕೂ ಚೂರುಚೂರು ಹಂಚಿಕೊಂಡ ವೀರ ಯಾವ ಕೆಲಸಕ್ಕೂ ಬಾರದವನು ಎಂಬುದು ಸುನೀಲನ ನಂಬಿಕೆ. ಅದಕ್ಕೇ ತಿಂಗಳುಗಟ್ಟಲೆ ಅಂಕ ಕೂಡಿಟ್ಟಿದ್ದ. ಭಾನುವಾರದ ಕಾಳಗಕ್ಕೆ ಮುಂಚೆ ಅಷ್ಟನ್ನೂ ಬಲಕ್ಕೆ ಸುರಿಯುವವನಿದ್ದ.

ಈಗ ಅಷ್ಟೂ ಈಜಿಗೆ ಹೋಗಿತ್ತು. ಕಾಳಗ ನಡೆಯುವ ಕಣವೋ ಬರೀ ಮರುಭೂಮಿ. ಹನಿ ನೀರಿಲ್ಲ!

ಪಾಸ್‌ವರ್ಡ್ ಗೊತ್ತಿದ್ದವನು ಇನ್ನೊಬ್ಬನೇ, ಜಗದೀಶ. ಭಾವಿಕೇರಿಯಲ್ಲಿ ಪಕ್ಕದ ಮನೆಯವನು, ಒಂದೇ ಬೆಂಚಿನಲ್ಲಿ ಕೂತು ಓದಿದವನು. ಈ ಆಟ ಆಡುವ ಕಾರವಾರದ ತಂಡದಲ್ಲಿ ಖಾಲಿ ಇದ್ದದ್ದು ಒಂದೇ ಜಾಗ, ಅದು ಭಾನುವಾರ ಗೆದ್ದವನಿಗೆ; ಅವನಿಗೂ ಅದರ ಮೇಲೆ ಕಣ್ಣಿತ್ತು. ಸುನೀಲ ಕಾರವಾರದ ಅಂಗಡಿ ಕೆಲಸದಿಂದ ಬರುವವರೆಗೆ ಅವನು ಇದೇ ಜಗಲಿಯಲ್ಲಿ ಟ್ಯಾಬ್ ತೆರೆದು ಕೂತಿರುತ್ತಿದ್ದ. ಅಮ್ಮ ಗದ್ದೆಯಿಂದ ಬಂದರೆ ಅವಳಿಗೆ ಆಟದ ಒಂದೊಂದೇ ಚಿತ್ರ ತೋರಿಸಿ ಅರ್ಥ ಹೇಳುತ್ತಿದ್ದ. ಸುನೀಲನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅದೆಲ್ಲ ಒಳ್ಳೆಯವನ ವೇಷ ಎಂದು ಈಗ ಅನಿಸಿತು.

ಫೋನ್ ಮಾಡಿ ಕೂಗಾಡಿದ.

"ನಿನ್ನಪ್ಪನ ಹೆಸ್ರಿಟ್ಟವ್ನ ನಾ ಹಾಳ್ ಮಾಡ್ತೆನೇನೋ, ಮಾರಾಯಾ?" ಎಂದ ಜಗದೀಶ.

"ಮತ್ಯಾರ್ ಮಾಡ್ದ್ರು? ಭೂತ ಬಂದಿತ್ತಾ?"

ಜಗದೀಶನ ಪಾಸ್‌ವರ್ಡ್ ಸುನೀಲನಿಗೂ ಗೊತ್ತಿತ್ತು. ಅವನ ಮಂತ್ರವಾದಿಯನ್ನು ತೆರೆದ. ವರ್ಷಗಟ್ಟಲೆ ನಿದ್ದೆಗೆಟ್ಟು ಬೆಳೆಸಿದ ಪಾತ್ರ. ಅಳಿಸಲೇ ಎಂದು ಆಟ ಕೇಳಿತು. ಹೌದು ಎಂದು ಒತ್ತಿದ. ಖಂಡಿತವೇ ಎಂದು ಮತ್ತೊಮ್ಮೆ ಕೇಳಿತು. ಜೀವದ ಗೆಳೆಯನೇ ಬೆನ್ನಿಗೆ ಚೂರಿ ಹಾಕಿದ ಮೇಲೆ ಇನ್ನೆಂಥ ಕರುಣೆ? ಮತ್ತೆ ಒತ್ತಿದ.

ಸ್ವಲ್ಪ ಹೊತ್ತಿಗೆ ಜಗದೀಶನ ಮೆಸೇಜು ಬಂತು. "ಇನ್ನು ನಿನ್ನ ಜಗಲಿ ಹತ್ತೂದಿಲ್ಲ."

ಅಮ್ಮ ಚಹಾ ತಂದಿಟ್ಟಳು. ಅಪ್ಪನ ಫೋಟೊದ ಹಾರ ಸರಿಮಾಡಿದಳು. ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳದವಳು, ಮಗನ ಪಕ್ಕ ಕೂತು ಟ್ಯಾಬ್‌ನೊಳಗಿದ್ದ ದೇವನನ್ನು ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು.

"ತಮಾ, ಆ ಈಜೂ ಚಿತ್ರ ನಾನೇ ಒತ್ತಿದೆ," ಎಂದಳು. "ಇನ್ನು ದೋಣಿ ಮಗುಚಿದ್ರೂ ಅವ್ರು ದಡಕ್ಕೆ ಬತ್ರು, ಅಲ್ದಾ?"