ಗುಂಗುರು ತಲೆಯ ಹೆಜ್ಜಾರ್ಲೆ

ಜಟ್ಟಿ ಬೀಳದಿದ್ದರೂ ಮೀಸೆ ಮಣ್ಣಾಯಿತು ಎಂದು ನಮ್ಮೂರಲ್ಲಿ ತಿರುಗಿಸಿ ಹೇಳುವ ಗಾದೆಯ ಹಿಂದೆ ನಿಜವಾಗಿ ನಡೆದ ಕಥೆಯೊಂದಿದೆ.

ಹಕ್ಕಿ ನೋಡುವ ಹುಚ್ಚಿನ ಚನ್ನವೀರಯ್ಯ ಮೇಷ್ಟ್ರು ಎರಡು ಬಗೆಯ ಹೆಜ್ಜಾರ್ಲೆಗಳನ್ನು, ಅಂದರೆ ಕೊಕ್ಕಿನಡಿ ಚೀಲವಿರುವ ಪೆಲಿಕನ್ ಹಕ್ಕಿಗಳನ್ನು, ಕಂಡಿದ್ದರು: ಚುಕ್ಕೆ ಕೊಕ್ಕಿನದು, ಅಚ್ಚ ಬಿಳಿಯದು. ಅಪರೂಪದ ಮೂರನೆಯದನ್ನು, ಗುಂಗುರು ತಲೆಯದನ್ನು, ಸಂಕ್ರಾಂತಿ ಮುಗಿಯುವುದರೊಳಗೆ ಊರ ಕೆರೆಯಲ್ಲೇ ಕಾಣುತ್ತೇನೆಂದು ಗೆಳೆಯ ಯೋಗಾನಂದನೊಡನೆ ಬಾಜಿ ಕಟ್ಟಿದ್ದರು. ಸೋತವರ ಮೀಸೆ ಬೋಳು.

ಹಬ್ಬದ ಹಿಂದಿನ ದಿನ ಯೋಗಾನಂದ ಥರ್ಮೋಕೋಲಿನಲ್ಲಿ ಹೆಜ್ಜಾರ್ಲೆಯೊಂದನ್ನು ಕೆತ್ತಿ, ನಾಟಕದ ವಿಗ್ಗಿನ ಗುಂಗುರನ್ನು ಅದರ ನೆತ್ತಿಗೆ ಅಂಟಿಸಿ, ಕೆರೆಯ ನಡುಗಡ್ಡೆಯಲ್ಲಿ ನಿಲ್ಲಿಸಿ ಬಂದ. ಸಂಕ್ರಾಂತಿಯ ಮುಂಜಾನೆ ಅವನೊಡನೆ ಕೆರೆಯ ದಂಡೆಗೆ ಬಂದ ಮೇಷ್ಟ್ರು ದುರ್ಬೀನು ಹಿಡಿದವರೇ ಕುಣಿದಾಡಿಬಿಟ್ಟರು.

"ಕಂಡೇಬಿಡ್ತಯ್ಯಾ! ಗುಂಗುರು ತಲೆ!"

"ಕಂಡೇಬಿಡ್ತಯ್ಯಾ!" ಯೋಗಾನಂದ ಅವರ ದನಿಯಲ್ಲೇ ಅಣಕಿಸಿ ಬಿದ್ದು ಬಿದ್ದು ನಕ್ಕ. "ಅದು ಥರ್ಮೋಕೋಲು ಮೇಷ್ಟ್ರೇ, ನಾನೇ ಮಾಡಿದ್ದು! ನಡೀರಿ, ಕ್ಷೌರದಂಗಡಿ ತೆಗೆದಿರುತ್ತೆ."

ಮೇಷ್ಟ್ರು ದುರ್ಬೀನನ್ನು ಅವನ ಕಣ್ಣಿಗೆ ಒತ್ತಿದರು. "ಎಡಗಡೆ ಅಲ್ಲಾಡದೆ ನಿಂತಿರೋದು ನಿಂದು, ಒಪ್ಪಿದೆ. ಬಲಗಡೆ ಇನ್ನೊಂದು ಗುಂಗುರು ತಲೆ ಅದರ ವಿಗ್ಗು ಕಿತ್ತು ಕಿತ್ತು ಎಸೀತಾ ಇದೆಯಲ್ಲ, ಅದನ್ನ ಯಾರಪ್ಪ ಮಾಡಿದ್ದು?"

ಯೋಗಾನಂದನ ಕೈ ಮೆಲ್ಲಗೆ ತನ್ನ ಮೀಸೆಗೆ ಹೋಯಿತು. ಆಚೆ ದಡದ ಕೊಕ್ಕರೆಗಳೂ ಬೆಚ್ಚಿ ಏಳುವಂತೆ ನಕ್ಕವರು ಮೇಷ್ಟ್ರು.